ಕಾನ್ವೆಂಟ್ ಬಾಗಿಲ ಹಿಂದೆ: ಯುರೋಪಿನ ಸನ್ಯಾಸಿನಿ ಹಾರರ್ ಸಿನಿಮಾಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇವು ಯಾವ ಸಿನಿಮಾಗಳು?

1970ರ ದಶಕದಲ್ಲಿ ಇಟಲಿಯಲ್ಲಿ ಜಾಸ್ತಿ, ಸ್ಪೇನ್, ಪಶ್ಚಿಮ ಜರ್ಮನಿ, ಬ್ರಿಟನ್ ಕಡೆ ಸ್ವಲ್ಪ ಸ್ವಲ್ಪ, ಹೆಚ್ಚಿನವು ಕಡಿಮೆ ಖರ್ಚಿನಲ್ಲಿ, ಒಂದರ ಹಿಂದೆ ಒಂದು ಬಂದ ಸಿನಿಮಾಗಳಿವು. ಕತೆ ನಡೆಯುವುದು ಕ್ರೈಸ್ತ ಸನ್ಯಾಸಿನಿಯರ ಮಠದೊಳಗೆ. ಮನಸ್ಸಿಲ್ಲದೆ ಬಂದ ಹುಡುಗಿ, ಕ್ರೂರಿ ಮದರ್ ಸುಪೀರಿಯರ್ (ಮಠದ ಮುಖ್ಯಸ್ಥೆ), ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವ ಬಿಷಪ್, ದೆವ್ವ ಬಿಡಿಸುತ್ತೇನೆ ಅಂತ ಬರುವ ಪಾದ್ರಿ. ಹೆಚ್ಚುಕಡಿಮೆ ಇಷ್ಟೇ ಜನ. ಇಂಗ್ಲಿಷಿನಲ್ಲಿ ಇವನ್ನು ನನ್‌ಸ್ಪ್ಲಾಯ್ಟೇಶನ್ ಅನ್ನುತ್ತಾರೆ. ಪ್ರಾರ್ಥನೆ, ಚಾಟಿಯೇಟು, ಬೆತ್ತಲೆ ಮೈ, ರಕ್ತ, ಎಲ್ಲವನ್ನೂ ಒಂದೇ ಟಿಕೆಟ್ಟಿನಲ್ಲಿ ಮಾರುವ ಸಿನಿಮಾ ಅಂತ ಇಟ್ಟುಕೊಳ್ಳಿ.

ಕಾನ್ವೆಂಟ್ ಅಂದರೆ ಶಾಲೆ ಅಲ್ವಾ?

ನಮ್ಮ ಮಾತಿನಲ್ಲಿ ಹೌದು. ಒಬ್ಬ ಸಿಸ್ಟರೂ ಇಲ್ಲದ, ಬರೀ ಇಂಗ್ಲಿಷ್ ಮೀಡಿಯಂ ಇರುವ ಶಾಲೆಗೂ ನಮ್ಮಲ್ಲಿ ಕಾನ್ವೆಂಟ್ ಅಂತಲೇ ಬೋರ್ಡು ಹಾಕಿರುತ್ತಾರೆ. ಈ ಸಿನಿಮಾಗಳ ಕಾನ್ವೆಂಟ್ ಬೇರೆ. ಅದು ಸನ್ಯಾಸಿನಿಯರು ಬದುಕುವ ಮನೆ. ಅದರಲ್ಲೂ ಇಲ್ಲಿ ಬರುವುದು ಬಾಗಿಲು ಮುಚ್ಚಿದ ಮಠ: ಒಮ್ಮೆ ವ್ರತ ತೊಟ್ಟವಳು ಸಾಯುವವರೆಗೆ ಹೊರಗೆ ಕಾಲಿಡುವಂತಿಲ್ಲ, ಹೆತ್ತವರು ನೋಡಲು ಬಂದರೂ ಕಬ್ಬಿಣದ ಕಂಬಿಯ ಆಚೆ ಕೂತು ಮಾತಾಡಬೇಕು.

ನಾನು ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ನಮ್ಮನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬರುತ್ತಿದ್ದ ಸಿಸ್ಟರ್ ಇನ್ನೂ ಕಣ್ಮುಂದೆ ಇದ್ದಾರೆ. ಹಾಗಾಗಿ ಈ ಸಿನಿಮಾ ನೋಡುವಾಗ ನನಗೆ ಕಾಡುವ ಪ್ರಶ್ನೆ ಒಂದೇ. ಇಷ್ಟಪಟ್ಟು ಬಂದವಳಿಗೂ ತಂದು ಕೂಡಿಹಾಕಿದವಳಿಗೂ ಒಂದೇ ನಿಲುವಂಗಿ ತೊಡಿಸಿದರೆ ಹೊರಗಿನಿಂದ ನೋಡುವವರಿಗೆ ಯಾರು ಯಾರು ಅಂತ ಗೊತ್ತಾಗುವುದು ಹೇಗೆ?

ನಿಜವಾಗಲೂ ಹುಡುಗಿಯರನ್ನು ಬಲವಂತವಾಗಿ ಸೇರಿಸುತ್ತಿದ್ದರಾ, ಇಲ್ಲಾ ಸಿನಿಮಾದವರು ಕಟ್ಟಿದ್ದಾ?

ಸೇರಿಸುತ್ತಿದ್ದರು. ಮುಖ್ಯ ಕಾರಣ ವರದಕ್ಷಿಣೆ. 16, 17ನೇ ಶತಮಾನದ ಇಟಲಿಯಲ್ಲಿ ದೊಡ್ಡ ಮನೆತನದ ಒಬ್ಬ ಮಗಳ ಮದುವೆಗೇ ಆಸ್ತಿ ಕರಗುತ್ತಿತ್ತು. ಮಠಕ್ಕೂ ದುಡ್ಡು ಕಟ್ಟಬೇಕಿತ್ತು, ಆದರೆ ಮದುವೆಯ ಖರ್ಚಿನ ಮುಂದೆ ಅದು ತುಂಬ ಕಡಿಮೆ. ಮೂರು ಹೆಣ್ಣುಮಕ್ಕಳಿದ್ದರೆ ಒಬ್ಬಳಿಗೆ ಮದುವೆ, ಉಳಿದವರಿಗೆ ಮಠ. ದೇವರು ಕರೆದಿದ್ದಾನೆ ಅಂತ ಊರಿಗೆಲ್ಲ ಹೇಳುತ್ತಿದ್ದರು. ಕಳಿಸಿದವನು ಅಪ್ಪ.

ಚರ್ಚಿಗೆ ಇದು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಹೆಣ್ಣುಮಕ್ಕಳನ್ನು ಬಲವಂತವಾಗಿ ಮಠಕ್ಕೆ ಸೇರಿಸುವವರಿಗೆ ಧರ್ಮಬಹಿಷ್ಕಾರ ಅಂತ ನಿಯಮ ಮಾಡಿತು. ಅದೇ ಸಭೆ ಸನ್ಯಾಸಿನಿಯರ ಮಠಗಳ ಬಾಗಿಲು ಭದ್ರವಾಗಿ ಮುಚ್ಚಿರಬೇಕು ಅಂತಲೂ ಹೇಳಿತು. ಮೊದಲ ನಿಯಮವನ್ನು ಶ್ರೀಮಂತ ಅಪ್ಪಂದಿರು ಲೆಕ್ಕಕ್ಕೇ ಇಡಲಿಲ್ಲ. ಎರಡನೆಯದು ಮಾತ್ರ ಗಟ್ಟಿಯಾಗಿ ಜಾರಿಗೆ ಬಂತು. ಧರ್ಮದ ಕಪಟ ಅಂದಾಗ ನನಗೆ ಮೊದಲು ನೆನಪಾಗುವುದು ಇದು.

ಒಳಗಿದ್ದವರೇ ಬರೆದದ್ದೂ ಇದೆ. ವೆನಿಸ್ಸಿನ ಆರ್ಕಾಂಜೆಲಾ ತರಬೊತ್ತಿಯನ್ನು ಹುಡುಗಿಯಾಗಿದ್ದಾಗಲೇ ಮಠಕ್ಕೆ ಹಾಕಿದರು. ಅವಳಿಗೆ ಕಾಲು ಕುಂಟು, ಮದುವೆ ಆಗುವುದು ಕಷ್ಟ ಅನ್ನುವ ಲೆಕ್ಕಾಚಾರ. ಅವಳು ಅಲ್ಲೇ ಕೂತು ಅಪ್ಪಂದಿರ ದಬ್ಬಾಳಿಕೆಯ ಮೇಲೆ ಒಂದು ಪುಸ್ತಕವನ್ನೇ ಬರೆದಳು. 1652ರಲ್ಲಿ ಅವಳು ತೀರಿಕೊಂಡಳು, ಎರಡು ವರ್ಷದ ಮೇಲೆ ಪುಸ್ತಕ ಅಚ್ಚಾಯಿತು, ಆಮೇಲೆ ಚರ್ಚಿನ ನಿಷೇಧಿತ ಪುಸ್ತಕಗಳ ಪಟ್ಟಿ ಸೇರಿತು.

ಸಿನಿಮಾದವರು ಮತ್ತೆ ಮತ್ತೆ ಕೈ ಹಾಕಿದ್ದು ಮಾತ್ರ ಮೊನ್ಝಾದ ಸನ್ಯಾಸಿನಿಯ ಕತೆಗೆ. ಅವಳ ನಿಜ ಹೆಸರು ಮರಿಯಾನ್ನಾ ದೆ ಲೇವಾ, ಹುಟ್ಟಿದ್ದು 1575. ಚಿಕ್ಕಂದಿನಲ್ಲೇ ತಾಯಿ ಹೋದಳು, ಅಪ್ಪ ಇನ್ನೊಂದು ಮದುವೆಯಾದ, ತಾಯಿ ಬಿಟ್ಟುಹೋದ ಆಸ್ತಿಯ ಪಾಲು ಕೇಳುವ ವಯಸ್ಸು ಬರುವ ಮುಂಚೆಯೇ ಮಗಳು ಮಠದಲ್ಲಿದ್ದಳು. ಅಲ್ಲಿ ಪಕ್ಕದ ಮನೆಯ ಜಾನ್ ಪಾವ್ಲೊ ಓಸಿಯೊ ಜೊತೆ ವರ್ಷಗಟ್ಟಲೆ ಸಂಬಂಧ, ಒಂದು ಮಗು, ಗುಟ್ಟು ಬಯಲು ಮಾಡುತ್ತೇನೆ ಅಂದ ಕೆಲಸದ ಸಿಸ್ಟರ್ ಒಬ್ಬಳ ಕೊಲೆ. 1608ರಲ್ಲಿ ಶಿಕ್ಷೆ ಆಯಿತು. ಮಿಲಾನಿನ ಒಂದು ಕಡೆ ಸಣ್ಣ ಕೋಣೆಯೊಳಗೆ ಅವಳನ್ನು ಇಟ್ಟು ಬಾಗಿಲಿಗೆ ಗೋಡೆ ಕಟ್ಟಿದರು. ಗಾಳಿಗೆ, ಊಟಕ್ಕೆ ಒಂದು ಕಿಂಡಿ ಬಿಟ್ಟರು. 1622ರವರೆಗೆ ಅವಳು ಆ ಕಿಂಡಿಯ ಬೆಳಕಿನಲ್ಲೇ ಇದ್ದಳು. ಈ ಕತೆಯನ್ನು ಇಟಲಿಯ ಲೇಖಕ ಮನ್ಝೋನಿ ತನ್ನ ಕಾದಂಬರಿಯಲ್ಲಿ ಹೆಸರು ಬದಲಿಸಿ ತಂದ, ಆ ಕಾದಂಬರಿ ಇಟಲಿಯ ಶಾಲೆಗಳಲ್ಲಿ ಪಾಠವಾಯಿತು. ಹಾಗಾಗಿ ಅಲ್ಲಿ 'ಮೊನ್ಝಾದ ಸನ್ಯಾಸಿನಿ' ಅಂತ ಪೋಸ್ಟರ್ ಅಂಟಿಸಿದರೆ ಸಾಕಿತ್ತು, ಯಾರಿಗೂ ವಿವರಿಸುವ ಕೆಲಸವೇ ಇರಲಿಲ್ಲ.

ದೆವ್ವ ಹಿಡಿಯುವ ಕತೆಗಳಿಗೂ ಇತಿಹಾಸ ಇದೆಯಾ?

ಇದೆ. ಫ್ರಾನ್ಸಿನ ಲೂಡನ್ ಊರು. 1632ರಲ್ಲಿ ಅಲ್ಲಿನ ಉರ್ಸುಲೈನ್ ಮಠದ ಸನ್ಯಾಸಿನಿಯರ ಮೈಮೇಲೆ ದೆವ್ವ ಬಂದಿದೆ ಅಂತ ಸುದ್ದಿ ಹಬ್ಬಿತು. ಮಾಟ ಮಾಡಿಸಿದವನು ಊರಿನ ಪಾದ್ರಿ ಉರ್ಬೇನ್ ಗ್ರಾಂದಿಯೇ ಅಂತ ಮದರ್ ಸುಪೀರಿಯರ್ ಜಾನ್ ಹೇಳಿದಳು. ಗ್ರಾಂದಿಯೇ ಸಾಧು ಮನುಷ್ಯ ಆಗಿರಲಿಲ್ಲ. ರೂಪವಂತ, ಮಾತುಗಾರ, ಹೆಂಗಸರ ಸಹವಾಸ ಇತ್ತು, ಪಾದ್ರಿಗಳು ಬ್ರಹ್ಮಚಾರಿಗಳಾಗಿರಬೇಕಿಲ್ಲ ಅಂತ ಬರೆದಿಟ್ಟಿದ್ದ. ಆದರೆ ಜಾನ್ ಅವನನ್ನು ಹತ್ತಿರದಿಂದ ಕಂಡವಳೇ ಅಲ್ಲ. ಮಠದ ಪಾಪನಿವೇದನೆ ಕೇಳುವ ಪಾದ್ರಿಯಾಗಿ ಬಾ ಅಂತ ಕರೆದಿದ್ದಳು, ಅವನು ಬರಲಿಲ್ಲ, ಅಷ್ಟೇ. ಇನ್ನೊಂದು ಕಡೆ ಫ್ರೆಂಚ್ ರಾಜನ ಮುಖ್ಯಮಂತ್ರಿ ಕಾರ್ಡಿನಲ್ ರಿಶೆಲ್ಯೂಗೆ ಲೂಡನ್ನಿನ ಕೋಟೆ ಗೋಡೆ ಕೆಡವಬೇಕಿತ್ತು, ಗ್ರಾಂದಿಯೇ ಅದಕ್ಕೆ ಅಡ್ಡ ನಿಂತವರ ಕಡೆಯವನು. ಕೆಲಸ ಸುಲಭವಾಯಿತು.

ಈ ವಿಚಾರಣೆಯ ತರ್ಕ ಓದಿದರೆ ಮೈ ಜುಮ್ ಅನ್ನುತ್ತದೆ. ಪಾದ್ರಿ ಮಂತ್ರಿಸಿ ಕೇಳಿದಾಗ ದೆವ್ವ ಸುಳ್ಳು ಹೇಳಲಾರದು, ಹಾಗಾಗಿ ದೆವ್ವ ಹೇಳಿದ್ದೇ ಸಾಕ್ಷಿ ಅಂದರು. ಆಮೇಲೆ ಜಾನ್‌ಗೇ ಪಶ್ಚಾತ್ತಾಪವಾಗಿ, ಕುತ್ತಿಗೆಗೆ ಹಗ್ಗ ಹಾಕಿಕೊಂಡು ಮಳೆಯಲ್ಲಿ ಅಂಗಳದಲ್ಲಿ ನಿಂತು, ನಾನು ನಿರಪರಾಧಿಯ ಮೇಲೆ ಸುಳ್ಳು ಹೇಳಿದೆ ಅಂದಾಗ, ಅದನ್ನು ಆಡಿಸುತ್ತಿರುವುದು ದೆವ್ವ, ನಂಬಬೇಡಿ ಅಂದುಬಿಟ್ಟರು. ಅವಳ ಬಾಯಿಂದ ಬಂದ ಸುಳ್ಳು ಸಾಕ್ಷಿಯಾಯಿತು, ಸತ್ಯ ಆಗಲಿಲ್ಲ. 1634ರ ಆಗಸ್ಟ್ 18ರಂದು ಗ್ರಾಂದಿಯೇಯ ಕಾಲುಗಳನ್ನು ಜಜ್ಜಿ ಅವನನ್ನು ಜೀವಂತ ಸುಟ್ಟರು. ಆಮೇಲೂ ದೆವ್ವ ಬಿಡಿಸುವ ಪ್ರದರ್ಶನ ವರ್ಷಗಟ್ಟಲೆ ನಡೆಯಿತು, ಬೇರೆ ದೇಶದವರೂ ಬಂದು ನೋಡಿ ಹೋದರು.

'ದಿ ಡೆವಿಲ್ಸ್' ಸಿನಿಮಾ ಇದೇ ಕತೆನಾ? ಅದಕ್ಕೆ ಯಾಕೆ ಅಷ್ಟು ಗಲಾಟೆ?

ಇದೇ ಕತೆ. 1971ರಲ್ಲಿ ಬಂತು, ನಿರ್ದೇಶಕ ಕೆನ್ ರಸೆಲ್, ಗ್ರಾಂದಿಯೇ ಆಗಿ ಆಲಿವರ್ ರೀಡ್, ಜಾನ್ ಆಗಿ ವನೆಸ್ಸಾ ರೆಡ್‌ಗ್ರೇವ್. ಆಲ್ಡಸ್ ಹಕ್ಸ್‌ಲಿ 1952ರಲ್ಲಿ ಬರೆದ ಪುಸ್ತಕ, ಅದರಿಂದ ಹುಟ್ಟಿದ ಒಂದು ನಾಟಕ, ಎರಡೂ ಇದರ ಹಿಂದಿವೆ. ಸೆಟ್ ಮಾಡಿದ್ದು ಡೆರೆಕ್ ಜಾರ್ಮನ್. ಹಳೇ ಮಠ ಅಂದರೆ ನಾವು ಕತ್ತಲು, ಜೇಡರ ಬಲೆ, ಪಾಚಿ ಕಟ್ಟಿದ ಕಲ್ಲು ಅಂದುಕೊಳ್ಳುತ್ತೇವೆ. ಇಲ್ಲಿ ಎಲ್ಲ ಬೆಳ್ಳಗಿದೆ. ತೊಳೆದಿಟ್ಟ ಬಚ್ಚಲಮನೆಯ ಟೈಲ್ಸ್ ಹಾಗೆ ಹೊಳೆಯುವ ಗೋಡೆ. ಆ ಬೆಳ್ಳಗಿನ ಜಾಗದಲ್ಲಿ ಕೊಳಕು ನಡೆಯುತ್ತಾ ಹೋದಾಗ ಅಡಗಿ ಕೂರಲು ಒಂದು ಮೂಲೆಯೂ ಸಿಗುವುದಿಲ್ಲ.

ಬ್ರಿಟನ್ನಿನ ಸೆನ್ಸಾರ್ ಒಂದು ಕಡೆ, ಹಣ ಹಾಕಿದ ಕಂಪನಿ ಇನ್ನೊಂದು ಕಡೆ ಕತ್ತರಿ ಹಾಕಿದವು. ಮುಖ್ಯವಾಗಿ ಕತ್ತರಿಸಿದ್ದು, ಉನ್ಮಾದದಲ್ಲಿ ಸನ್ಯಾಸಿನಿಯರು ದೊಡ್ಡ ಶಿಲುಬೆಯ ಮೂರ್ತಿಯ ಮೇಲೆ ಬೀಳುವ ದೃಶ್ಯ. ಅದು ಕಳೆದೇಹೋಯಿತು ಅಂತಿದ್ದರು, 2002ರಲ್ಲಿ ವಿಮರ್ಶಕ ಮಾರ್ಕ್ ಕರ್ಮೋಡ್ ಹುಡುಕಾಟದಿಂದ ಸಿಕ್ಕಿತು. 2012ರಲ್ಲಿ ಬ್ರಿಟನ್ನಿನಲ್ಲಿ ಬಂದ ಡಿವಿಡಿಯಲ್ಲೂ ಅದನ್ನು ಸೇರಿಸಲಿಲ್ಲ.

ರಸೆಲ್ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದ್ದ ಮನುಷ್ಯ ಅನ್ನುವುದನ್ನು ಜನ ಮರೆಯುತ್ತಾರೆ. ಸಿನಿಮಾದಲ್ಲಿ ಕೊನೆಗೆ ದೇವರನ್ನು ನಂಬಿ ಉಳಿಯುವವನು ಗ್ರಾಂದಿಯೇ ಒಬ್ಬನೇ. ದೇವರ ಹೆಸರು ಹೇಳುವ ಉಳಿದವರೆಲ್ಲ ಕೋಟೆ ಗೋಡೆ ಕೆಡವಲು ಬಂದವರು.

ಇಟಲಿಯಲ್ಲೇ ಯಾಕೆ, ಅದೂ 70ರ ದಶಕದಲ್ಲೇ ಯಾಕೆ?

ಇಟಲಿಯಲ್ಲಿ ಚರ್ಚಿನ ಮಾತು ಮನೆಯೊಳಗೆ, ಶಾಲೆಯೊಳಗೆ, ಕಾನೂನಿನೊಳಗೆ ಎಲ್ಲ ಕಡೆ ಇತ್ತು. ವಿಚ್ಛೇದನದ ಕಾನೂನು ಬಂದದ್ದೇ 1970ರಲ್ಲಿ. ಅದನ್ನು ತೆಗೆದುಹಾಕಿ ಅಂತ 1974ರ ಮೇ ತಿಂಗಳಲ್ಲಿ ಜನಮತ ನಡೆದಾಗ ನೂರಕ್ಕೆ 59 ಜನ ಬೇಡ, ಇರಲಿ ಅಂದರು. ಅಷ್ಟು ಹೊತ್ತಿಗೆ ಸೆನ್ಸಾರ್ ಸಡಿಲವಾಗಿತ್ತು. ನಿರ್ದೇಶಕ ಪಾಸೊಲಿನಿಯ 'ಡೆಕಮೆರಾನ್' 1971ರಲ್ಲಿ ಚೆನ್ನಾಗಿ ಓಡಿತ್ತು, ಅದರಲ್ಲಿ ಸನ್ಯಾಸಿನಿಯರ ಕತೆಯೂ ಒಂದಿತ್ತು. ಅದೇ ವರ್ಷ 'ದಿ ಡೆವಿಲ್ಸ್' ಬಂತು.

ಇಟಲಿಯ ಸಿನಿಮಾ ಉದ್ಯಮದ ರೂಢಿಯೂ ಹಾಗೇ ಇತ್ತು. ಒಂದು ಬಗೆಯ ಸಿನಿಮಾ ಓಡಿತು ಅಂದರೆ ಎಲ್ಲರೂ ಅದನ್ನೇ ತೆಗೆಯುವುದು. ಕೌಬಾಯ್ ಸಿನಿಮಾ ಆಯಿತು, ಕೊಲೆಗಾರನ ಸಿನಿಮಾ ಆಯಿತು, ಈಗ ಸನ್ಯಾಸಿನಿ. ಮಠಗಳು ಎಲ್ಲ ಊರಲ್ಲೂ ಇದ್ದವು, ನಿಲುವಂಗಿ ಹೊಲಿಸಲು ಜಾಸ್ತಿ ಖರ್ಚಿಲ್ಲ. ಬ್ರೂನೊ ಮತ್ತೇಯಿಯಂಥವರು ಮೊನ್ಝಾ ಕತೆಯ ಒಂದು ಸಿನಿಮಾ, ಮಠದ ಹಾರರ್ ಒಂದು ಸಿನಿಮಾ, ಎರಡನ್ನೂ ಬೆನ್ನುಬೆನ್ನಿಗೆ ತೆಗೆದುಬಿಟ್ಟರು.

ಸ್ಪೇನಿನಲ್ಲಿ 1975ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಸಾಯುವವರೆಗೆ ಇಂಥದ್ದನ್ನು ಬಿಡುವಂತೆಯೇ ಇರಲಿಲ್ಲ. ಅಲ್ಲಿನ ನಿರ್ದೇಶಕ ಹೆಸುಸ್ ಫ್ರಾಂಕೊ ಹೊರದೇಶದ ದುಡ್ಡಿನಲ್ಲಿ, ಹೊರದೇಶದ ನೆಲದಲ್ಲಿ ಕ್ಯಾಮೆರಾ ಇಟ್ಟ. ಹೆಸರು ಒಂದೇ ಅಂತ ಇಬ್ಬರನ್ನೂ ಕಲಸಿಕೊಳ್ಳಬೇಡಿ.

ಚರ್ಚಿನ ಕಪಟ ತೋರಿಸುತ್ತೇವೆ ಅಂತ ಹೆಂಗಸರ ಮೈ ತೋರಿಸುವುದು, ಅದೂ ಕಪಟವೇ ಅಲ್ವಾ?

ಹೌದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸುಮಾರು ಸಿನಿಮಾಗಳಲ್ಲಿ ಮದರ್ ಸುಪೀರಿಯರ್ ಚಾಟಿ ಎತ್ತಿದಾಗ ಕ್ಯಾಮೆರಾ ನೋಡುವುದು ಹೊಡೆತ ತಿನ್ನುವವಳ ಮುಖವನ್ನಲ್ಲ, ಬೆನ್ನನ್ನು. ಕಡೆಗೆ ಒಂದು ನೀತಿ ಹೇಳಿ ಮುಗಿಸುತ್ತಾರೆ. ಜೋ ದಮಾಟೊ 1979ರಲ್ಲಿ ತೆಗೆದ ಮಠದ ಸಿನಿಮಾದಲ್ಲಿ ಆ ನೀತಿಯೂ ಇಲ್ಲ. ಅಂಥದ್ದನ್ನು ಬಿಟ್ಟರೆ ನಿಮಗೇನೂ ನಷ್ಟವಿಲ್ಲ.

ನಾನು ನೋಡುವ ಗುರುತು ಒಂದು: ಕ್ಯಾಮೆರಾ ಕಂಬಿಯ ಯಾವ ಕಡೆ ನಿಂತಿದೆ? ಹೊರಗೆ ನಿಂತು ಇಣುಕುತ್ತಿದೆಯೋ, ಒಳಗೆ ಆ ಹುಡುಗಿಯ ಪಕ್ಕ ನಿಂತು ಹೊರಗೆ ನೋಡುತ್ತಿದೆಯೋ?

1974ರ 'ಫ್ಲಾವಿಯಾ' ಒಳಗೆ ನಿಂತ ಸಿನಿಮಾ. ನಿರ್ದೇಶಕ ಜಾನ್‌ಫ್ರಾಂಕೊ ಮಿಂಗೊತ್ಸಿ, ನಾಯಕಿ ಬ್ರೆಜಿಲ್ ಮೂಲದ ಫ್ಲೊರಿಂಡಾ ಬೊಲ್ಕಾನ್. ದಕ್ಷಿಣ ಇಟಲಿಯ ಪುಲಿಯಾದಲ್ಲಿ ಕತೆ. ಯುದ್ಧಭೂಮಿಯಲ್ಲಿ ಗಾಯಗೊಂಡು ಬಿದ್ದ ಮುಸ್ಲಿಂ ಸೈನಿಕನೊಬ್ಬ ಹುಡುಗಿಯನ್ನು ನೋಡಿ ನಗುತ್ತಾನೆ, ಅಪ್ಪ ಬಂದು ಅವನ ತಲೆ ಕಡಿಯುತ್ತಾನೆ, ಮಗಳನ್ನು ಮಠಕ್ಕೆ ಹಾಕುತ್ತಾನೆ. ಆಮೇಲೆ ಒಂದು ದಿನ, ಜೇಡ ಕಚ್ಚಿದೆ ಅಂತ ಮೈಮರೆತು ಕುಣಿಯುವ ಹೆಂಗಸರ ಗುಂಪು ಮಠಕ್ಕೆ ನುಗ್ಗುತ್ತದೆ. ಇದು ಸಿನಿಮಾಕ್ಕಾಗಿ ಕಟ್ಟಿದ್ದಲ್ಲ. ಪುಲಿಯಾದ ಹಳ್ಳಿಗಳಲ್ಲಿ ತರಂತಾ ಅನ್ನುವ ಈ ಆಚರಣೆ 20ನೇ ಶತಮಾನದವರೆಗೂ ಇತ್ತು, ಮಿಂಗೊತ್ಸಿ ಸ್ವತಃ ಅಲ್ಲಿಗೆ ಹೋಗಿ 1962ರಲ್ಲಿ ಅದರ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದ. ಬಾಯಿಬಿಟ್ಟು ಹೇಳಲಾಗದ್ದನ್ನು ಆ ಹೆಂಗಸರು ಮೈಯಲ್ಲಿ ಹೇಳುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಕೊನೆಕೊನೆಗೆ ತೀರಾ ಕ್ರೂರ ದೃಶ್ಯಗಳಿವೆ, ಎಲ್ಲರಿಗೂ ನೋಡಲಾಗುವುದಿಲ್ಲ. ಆದರೂ ಫ್ಲಾವಿಯಾಳ ಕೋಪವನ್ನು ಸಿನಿಮಾ ಒಂದು ಕ್ಷಣವೂ ಬಿಟ್ಟುಕೊಡುವುದಿಲ್ಲ.

'ಕಿಲ್ಲರ್ ನನ್' ನಿಜ ಘಟನೆನಾ?

1970ರ ದಶಕದ ಕೊನೆಗೆ ಬೆಲ್ಜಿಯಂನಲ್ಲಿ, ಮಾದಕ ಮದ್ದಿನ ಚಟಕ್ಕೆ ಬಿದ್ದ ಒಬ್ಬ ಸನ್ಯಾಸಿನಿ ನರ್ಸ್ ಮೇಲೆ ವಯಸ್ಸಾದ ರೋಗಿಗಳ ಸಾವಿನ ಆರೋಪ ಬಂದಿತ್ತು. 1979ರ ಈ ಇಟಾಲಿಯನ್ ಸಿನಿಮಾಕ್ಕೆ ಎಳೆ ಸಿಕ್ಕಿದ್ದು ಅಲ್ಲಿಂದ. ನಾಯಕಿ ಅನಿತಾ ಎಕ್‌ಬರ್ಗ್. ರೋಮಿನ ಕಾರಂಜಿಯೊಳಗೆ ನಡೆದು ಜಗತ್ತಿಗೇ ಗೊತ್ತಾದವಳು, 1960ರ ಅದೇ ಸಿನಿಮಾ 'ಲಾ ದೋಲ್ಚೆ ವೀತಾ'ದಲ್ಲಿ ಪಾದ್ರಿಯ ಬಟ್ಟೆ ಹೋಲುವ ಕಪ್ಪು ಉಡುಪು ತೊಟ್ಟು ಸೇಂಟ್ ಪೀಟರ್ಸ್ ಗೋಪುರ ಹತ್ತಿದ್ದಳು. 19 ವರ್ಷದ ಮೇಲೆ ಸನ್ಯಾಸಿನಿಯ ಬಟ್ಟೆಯಲ್ಲಿ ಬಂದಳು.

ಒಂದು ದೃಶ್ಯ ಮಾತ್ರ ಬಿಡದೆ ಕಾಡುತ್ತದೆ. ಊಟದ ಕೋಣೆಯಲ್ಲಿ ಮುದುಕಿಯೊಬ್ಬಳ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಸಿಸ್ಟರ್ ನೆಲಕ್ಕೆ ಹಾಕಿ ಕಾಲಲ್ಲಿ ತುಳಿದು ಪುಡಿ ಮಾಡುತ್ತಾಳೆ. ಸಿನಿಮಾದಲ್ಲಿ ಕೊಲೆಗಳೂ ಇವೆ, ನನಗೆ ಭಯವಾದದ್ದು ಇದಕ್ಕೆ. ನೋಡಿಕೊಳ್ಳಬೇಕಾದ ಕೈಯೇ ಹೀಗೆ ಮಾಡಿದರೆ ಆ ಮುದುಕಿ ಯಾರಿಗೆ ದೂರು ಕೊಡಬೇಕು?

ನಿಷೇಧ ಆದದ್ದು ಇಂಥ ಅಗ್ಗದ ಸಿನಿಮಾಗಳು ಮಾತ್ರವಾ?

ಅಲ್ಲ. ಒಂದೂ ಬೆತ್ತಲೆ ದೃಶ್ಯ ಇಲ್ಲದ, ಗಂಭೀರ ಸಿನಿಮಾಕ್ಕೂ ಆಗಿತ್ತು. ಫ್ರೆಂಚ್ ಲೇಖಕ ದಿದರೊ 18ನೇ ಶತಮಾನದಲ್ಲಿ ಬರೆದ 'ಲಾ ರಿಲಿಜಿಯೂಸ್' (ಸನ್ಯಾಸಿನಿ) ಕಾದಂಬರಿಯನ್ನು ನಿರ್ದೇಶಕ ಜಾಕ್ ರಿವೆಟ್ ನಟಿ ಆನಾ ಕರೀನಾಳನ್ನು ಇಟ್ಟುಕೊಂಡು ಸಿನಿಮಾ ಮಾಡಿದ. 1966ರಲ್ಲಿ ಫ್ರೆಂಚ್ ಸರ್ಕಾರ ಅದನ್ನು ತಡೆಯಿತು, ನಿರ್ದೇಶಕ ಗೊಡಾರ್ ಸಂಸ್ಕೃತಿ ಸಚಿವ ಮಾಲ್ರೋಗೆ ಬಹಿರಂಗ ಪತ್ರ ಬರೆದ, ಗಲಾಟೆ ಆಗಿ 1967ರಲ್ಲಿ ಬಿಡುಗಡೆಯಾಯಿತು. ದಿದರೊಗೆ ಎದುರಿಗೇ ಉದಾಹರಣೆಗಳಿದ್ದವು. ಅವನ ತಂಗಿಯೇ ಸನ್ಯಾಸಿನಿಯಾಗಿ ಮಠದಲ್ಲಿ ಬುದ್ಧಿ ಕೆಟ್ಟು ಸತ್ತಿದ್ದಳು. ಮಾರ್ಗರೀತ್ ದೆಲಾಮಾರ್ ಅನ್ನುವವಳು ನನ್ನ ವ್ರತ ರದ್ದು ಮಾಡಿ ಅಂತ ಕೋರ್ಟಿಗೆ ಹೋಗಿ ಸೋತಿದ್ದಳು.

ಬ್ರಿಟನ್ನಿನಲ್ಲಿ ನೈಜೆಲ್ ವಿಂಗ್ರೋವ್ 1989ರಲ್ಲಿ 16ನೇ ಶತಮಾನದ ಸ್ಪೇನಿನ ಸಂತ ತೆರೇಸಾಳ ದರ್ಶನಗಳ ಮೇಲೆ ಮಾಡಿದ ಕಿರುಚಿತ್ರಕ್ಕೆ ದೈವನಿಂದೆ ಅಂತ ಪ್ರಮಾಣಪತ್ರ ಕೊಡಲಿಲ್ಲ. ಯುರೋಪಿನ ಮಾನವ ಹಕ್ಕುಗಳ ಕೋರ್ಟಿನಲ್ಲೂ 1996ರಲ್ಲಿ ಅವನು ಸೋತ. 2008ರಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ದೈವನಿಂದೆಯ ಕಾನೂನೇ ಹೋಯಿತು, 2012ರಲ್ಲಿ ಅದೇ ಚಿತ್ರ ಸೆನ್ಸಾರ್ ಪಾಸಾಯಿತು.

'ಬ್ಲ್ಯಾಕ್ ನಾರ್ಸಿಸಸ್' ನಮ್ಮ ಹಿಮಾಲಯದಲ್ಲಿ ತೆಗೆದದ್ದಾ?

ಕತೆ ಹಿಮಾಲಯದ್ದು, ಚಿತ್ರೀಕರಣ ಪೂರ್ತಿ ಇಂಗ್ಲೆಂಡಿನದು. ಆ ಬೆಟ್ಟಗಳು ಗಾಜಿನ ಮೇಲೆ, ಪರದೆಯ ಮೇಲೆ ಮೂಡಿಸಿದ ಚಿತ್ರಗಳು. 1947ರ ಸಿನಿಮಾ, ನಾವು ಹೇಳುತ್ತಿರುವ ಅಗ್ಗದ ಬಗೆಯದಲ್ಲ. ಆದರೆ ಕೊನೆಗೆ ಸಿಸ್ಟರ್ ರೂತ್ ನಿಲುವಂಗಿ ತೆಗೆದು ಕೆಂಪು ಬಟ್ಟೆ ತೊಟ್ಟು, ತುಟಿಗೆ ನಿಧಾನವಾಗಿ ಬಣ್ಣ ಹಚ್ಚಿಕೊಳ್ಳುವುದನ್ನು ನೋಡಿ. ಮುಂದೆ ಬಂದ ಎಷ್ಟೋ ಸಿನಿಮಾಗಳಿಗೆ ಅದು ತಾಯಿಬೇರು.

ಇದೆಲ್ಲ ಹಳೇ ಕಾಲದ ಕತೆ, ಈಗ ಯಾಕೆ ಕೆದಕಬೇಕು?

ಅಷ್ಟೇನೂ ಹಳೇ ಕಾಲ ಅಲ್ಲ. ಅಯರ್ಲೆಂಡಿನಲ್ಲಿ ಮದುವೆಯಾಗದೆ ಬಸುರಾದವರು, ಗಂಡಸರ ಕೈಯಲ್ಲಿ ಕೆಟ್ಟವರು, ದಿಕ್ಕಿಲ್ಲದವರು, ಇಂಥ ಹುಡುಗಿಯರನ್ನು ಸನ್ಯಾಸಿನಿಯರು ನಡೆಸುವ ಮ್ಯಾಗ್ಡಲೀನ್ ಲಾಂಡ್ರಿಗಳಿಗೆ ಕಳಿಸುತ್ತಿದ್ದರು. ಸಂಬಳವಿಲ್ಲದೆ ಬಟ್ಟೆ ಒಗೆಯುವ ಕೆಲಸ, ಎಷ್ಟೋ ಜನರಿಗೆ ಅಲ್ಲಿ ಹೆಸರೂ ಬದಲು. 1993ರಲ್ಲಿ ಡಬ್ಲಿನ್ನಿನ ಹೈ ಪಾರ್ಕ್ ಮಠದವರು ಜಾಗ ಮಾರಿದಾಗ ಅಲ್ಲಿದ್ದ ಸಮಾಧಿಗಳನ್ನು ಅಗೆಯಬೇಕಾಯಿತು. 155 ಹೆಂಗಸರ ಅವಶೇಷ ಸಿಕ್ಕಿತು, ಅವರಲ್ಲಿ ಹಲವರಿಗೆ ಮರಣಪತ್ರವೇ ಇರಲಿಲ್ಲ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಪ್ರಧಾನಿ ಎಂಡಾ ಕೆನಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ದು 2013ರಲ್ಲಿ. ಇದರ ಮೇಲೆ ಪೀಟರ್ ಮುಲ್ಲನ್ ಮಾಡಿದ 'ದಿ ಮ್ಯಾಗ್ಡಲೀನ್ ಸಿಸ್ಟರ್ಸ್' 2002ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಪಡೆಯಿತು. ಅದರಲ್ಲಿ ದೆವ್ವ ಇಲ್ಲ, ಬಿಸಿನೀರಿನ ಹಬೆ ಇದೆ. ಹಾರರ್ ಅಂತ ಯಾರೂ ಕರೆಯಲಿಲ್ಲ. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ನೇರವಾಗಿ ಇಟಲಿಯ ಅಗ್ಗದ ಸಿನಿಮಾಗಳಿಗೆ ಹೋಗಬೇಡಿ. ಮೊದಲು 1961ರ ಪೋಲಿಷ್ ಸಿನಿಮಾ 'ಮದರ್ ಜೋನ್ ಆಫ್ ದಿ ಏಂಜೆಲ್ಸ್' ನೋಡಿ. ಲೂಡನ್ನಿನ ಕತೆಯನ್ನೇ ಪೋಲೆಂಡಿಗೆ ತಂದದ್ದು, ಕಪ್ಪು ಬಿಳುಪು, ತುಂಬ ಮೌನ. ಆಮೇಲೆ 'ದಿ ಡೆವಿಲ್ಸ್'. ಧೈರ್ಯ ಇದ್ದರೆ 'ಫ್ಲಾವಿಯಾ'. ಎಲ್ಲವೂ ದೊಡ್ಡವರಿಗೆ ಮಾತ್ರ, ಮನೆಯಲ್ಲಿ ಮಕ್ಕಳಿದ್ದಾಗ ಹಾಕಬೇಡಿ.

ಒಂದನ್ನೇ ನೋಡಲು ಸಮಯ ಇದ್ದರೆ ರಿವೆಟ್‌ನ 'ಲಾ ರಿಲಿಜಿಯೂಸ್' ಹಾಕಿ. ಮೊದಲ ಹತ್ತು ನಿಮಿಷ ಸಾಕು. ಮದುವಣಗಿತ್ತಿಯ ಬಿಳಿ ಬಟ್ಟೆಯಲ್ಲಿ ಸುಜಾನ್ ಕಂಬಿಯ ಒಳಗಿದ್ದಾಳೆ. ಆಚೆ ಕಡೆ ಕುರ್ಚಿಗಳಲ್ಲಿ ಅಪ್ಪ ಅಮ್ಮ, ನೆಂಟರು, ನಾಟಕ ನೋಡಲು ಬಂದವರ ಹಾಗೆ ಸಾಲಾಗಿ ಕೂತಿದ್ದಾರೆ. ಪಾದ್ರಿ ವ್ರತದ ಪ್ರಶ್ನೆ ಕೇಳುತ್ತಾನೆ. ಅವಳು ಇಲ್ಲ ಅನ್ನುತ್ತಾಳೆ. ಕಂಬಿ ಹಿಡಿದುಕೊಂಡು ಜೋರಾಗಿ ಅನ್ನುತ್ತಾಳೆ. ಆಚೆ ಕೂತವರಿಗೆ ಎಲ್ಲವೂ ಕೇಳಿಸುತ್ತದೆ.